34 ಯೋಜನೆ, ಐದು ಜನ: ಯಾವುದನ್ನು ಮೊದಲು ಹಿಡಿಯುವುದು?

ಪ್ರಶ್ನೆ: ಆಡಳಿತ ತಂತ್ರಾಂಶ ವಿಭಾಗದ ಮುಖ್ಯಸ್ಥೆ

ಎಲ್ಲರಿಗೂ ನಮಸ್ಕಾರ. ಒಂದು ವಿಶ್ವವಿದ್ಯಾಲಯದ ಐಟಿ ವಿಭಾಗದಲ್ಲಿ ಆಡಳಿತ ತಂತ್ರಾಂಶಗಳ ಹೊಣೆ ಏಳು ತಿಂಗಳ ಹಿಂದೆ ನನ್ನ ಪಾಲಿಗೆ ಬಂತು. ಪ್ರವೇಶಾತಿ, ಶುಲ್ಕ, ಪರೀಕ್ಷೆ, ಸಂಬಳ, ಹಾಸ್ಟೆಲ್, ಗ್ರಂಥಾಲಯ, ಸಂಶೋಧನಾ ಅನುದಾನ, ಹೀಗೆ ಪಾಠ ಹೇಳುವುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಮ್ಮ ತಲೆಯ ಮೇಲಿದೆ. ತಂಡದಲ್ಲಿ ನನ್ನನ್ನು ಬಿಟ್ಟರೆ ಐದು ಜನ.

ಕೆಲಸ ವಹಿಸಿಕೊಂಡ ಮೊದಲ ವಾರವೇ ಹಳೆಯ ಇಮೇಲ್‌ಗಳು, ಸಭೆಗಳ ನಡಾವಳಿ, ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳು ಎಲ್ಲವನ್ನೂ ಕೆದಕಿ ಒಂದು ಪಟ್ಟಿ ಮಾಡಿದೆ. ‘ಆಗುತ್ತಿದೆ’ ಎಂದು ಯಾರೋ ಯಾರಿಗೋ ಹೇಳಿಟ್ಟಿದ್ದ ಯೋಜನೆಗಳು ಒಟ್ಟು 34 ಇದ್ದವು. ಹಿಂದಿನ ಒಂದು ವರ್ಷದಲ್ಲಿ ನಿಜವಾಗಿ ಮುಗಿದು ಬಳಕೆಗೆ ಬಂದವು ಎಷ್ಟೆಂದು ನೋಡಿದರೆ 12.

ಆದ್ಯತೆ ತಿಳಿಸಿ ಎಂದು ಎಲ್ಲ ಕಚೇರಿಗಳಿಗೂ ಒಂದು ನಮೂನೆ ಕಳುಹಿಸಿದೆ. 29ರ ಮುಂದೆ ‘ಅತಿ ತುರ್ತು’ ಎಂದು ಗುರುತು ಹಾಕಿ ಕಳುಹಿಸಿದರು. ಆಮೇಲೆ ಏಳು ಮಾನದಂಡ ಇಟ್ಟುಕೊಂಡು ಪ್ರತಿ ಯೋಜನೆಗೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಮಾಡಿದೆ. ಹಣಕಾಸು ವಿಭಾಗದ ಯೋಜನೆಗೆ 71 ಬಂತು, ಪರೀಕ್ಷಾ ವಿಭಾಗದ್ದಕ್ಕೆ 69. ಆ ಎರಡು ಅಂಕದ ಮೇಲೆ ಎರಡು ಸಭೆಗಳು ಕಳೆದವು. ಮೂರನೆಯ ಸಭೆಗೆ ಅರ್ಧ ಜನ ಬರಲೇ ಇಲ್ಲ.

ನನ್ನ ಪ್ರೋಗ್ರಾಮರ್‌ಗಳು ಒಬ್ಬೊಬ್ಬರೂ ಏಳೆಂಟು ಕೆಲಸ ಹಿಡಿದುಕೊಂಡಿದ್ದಾರೆ. ಸಂಜೆ ಹೊರಡುವಾಗ ಅವರ ಮುಖ ನೋಡಲು ನನಗೆ ಸಂಕಟವಾಗುತ್ತದೆ. ಎಲ್ಲರೂ ಒಪ್ಪುವಂಥ ಅಂಕ ಪದ್ಧತಿ ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯೇ? ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಗಣಕ ವಿಭಾಗದ ಮುಖ್ಯಸ್ಥ

ಮೇಡಂ, ಇಂಥದೇ ಕುರ್ಚಿಯಲ್ಲಿ ನಾನು 22 ವರ್ಷ ಕುಳಿತಿದ್ದೆ. ಅಂಕ ಪದ್ಧತಿಯನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ನಿಮಗೆ ಬೇಕಾದ ಎರಡು ಅಂಕೆಗಳನ್ನು ನೀವೇ ಬರೆದಿದ್ದೀರಿ: 34 ಮತ್ತು 12.

ವರ್ಷಕ್ಕೆ 12 ಎಂದರೆ ತಿಂಗಳಿಗೆ ಒಂದು. ಕೈಯಲ್ಲಿ 34 ಕೆಲಸ ಇದ್ದು ತಿಂಗಳಿಗೆ ಒಂದು ಮುಗಿಯುತ್ತಿದ್ದರೆ, ಒಂದು ಕೆಲಸ ಒಳಗೆ ಬಂದು ಹೊರಗೆ ಹೋಗಲು ಸರಾಸರಿ 34 ತಿಂಗಳು ಬೇಕು. ಇದು ಲಿಟಲ್‌ನ ನಿಯಮ. ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಸರದಿಯ ಸಾಲಿಗೆ ಹೇಳಿದ ನಿಯಮವಾದರೂ ನಮ್ಮ ಮೇಜಿನ ಮೇಲಿನ ಕಡತಕ್ಕೂ ಅಷ್ಟೇ ಸರಿಯಾಗಿ ಹೊಂದುತ್ತದೆ. ಅದೇ ಐದು ಜನ, ಅದೇ ವೇಗ, ಆದರೆ ಒಮ್ಮೆಗೆ ನಾಲ್ಕೇ ಕೆಲಸ ಹಿಡಿದರೆ ಹಿಡಿದದ್ದು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಉಳಿದವು ಹೊರಗೆ ಕಾಯುತ್ತವೆ, ನಿಜ. ಅವು ಈಗಲೂ ಕಾಯುತ್ತಲೇ ಇವೆ. ವ್ಯತ್ಯಾಸವೆಂದರೆ ಈಗ ಒಳಗೆ ಬಂದು, ಅರ್ಧ ಆಗಿ, ನಿಮ್ಮವರ ತಲೆ ತಿನ್ನುತ್ತಾ ಕಾಯುತ್ತಿವೆ. ಆದ್ದರಿಂದ ಯಾವುದು ಮೊದಲು ಎನ್ನುವ ಪ್ರಶ್ನೆ ಆಮೇಲೆ ಬರಲಿ. ಯಾವುದನ್ನು ಈಗ ಮುಟ್ಟುವುದಿಲ್ಲ ಎನ್ನುವುದು ಮೊದಲು ತೀರ್ಮಾನವಾಗಬೇಕು.

ಇನ್ನೊಂದು ಲೆಕ್ಕ ಮಾಡಿ. ನನ್ನ ಪ್ರೋಗ್ರಾಮರ್‌ಗಳಿಗೆ ಒಮ್ಮೆ ಒಂದೊಂದು ನೋಟ್‌ಬುಕ್ ಕೊಟ್ಟು, ಮೂರು ವಾರ ಪ್ರತಿ ಅರ್ಧ ದಿನಕ್ಕೆ ಒಂದು ಸಾಲು ಬರೆಯಿರಿ ಎಂದಿದ್ದೆ. ಯಾರನ್ನೂ ಹಿಡಿಯಲು ಅಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದೆ. ‘ಶುಲ್ಕ ಕಟ್ಟಿದ್ದರೂ ಬಾಕಿ ತೋರಿಸುತ್ತಿದೆ.’ ‘ಹೆಸರು ತಿದ್ದುಪಡಿ, ಒಂಬತ್ತು ವಿದ್ಯಾರ್ಥಿಗಳು.’ ‘ಬ್ಯಾಕಪ್ ನಿಂತಿತ್ತು, ಮತ್ತೆ ಚಾಲೂ ಮಾಡಿದೆ.’ ‘ಲೆಕ್ಕಪರಿಶೋಧಕರಿಗೆ ವರದಿ.’ ಪುಟದ ಮೇಲೆ ಪುಟ ಇಂಥವೇ. ಕೂಡಿಸಿ ನೋಡಿದಾಗ ಹತ್ತರಲ್ಲಿ ಆರು ಪಾಲು ಇರುವುದನ್ನು ಉಳಿಸಿಕೊಳ್ಳುವುದಕ್ಕೇ ಹೋಗುತ್ತಿತ್ತು. ಹೊಸ ಕೆಲಸಕ್ಕೆ ನನ್ನ ಬಳಿ ಐದು ಜನರಿದ್ದಾರೆ ಎಂದುಕೊಂಡಿದ್ದೆ, ಇದ್ದದ್ದು ಇಬ್ಬರು. ಅದುವರೆಗಿನ ನನ್ನ ವಾರ್ಷಿಕ ಯೋಜನೆಗಳೆಲ್ಲ ಏಕೆ ತಪ್ಪಿದವು ಎಂದು ಅಂದು ಅರ್ಥವಾಯಿತು. ನಿರ್ವಹಣೆಯ ಕೆಲಸವನ್ನು ಪಟ್ಟಿಯ ಹೊರಗಿಟ್ಟರೆ ಅದು ಇಲ್ಲವಾಗುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಈಗ 34ನ್ನು ಬೇರ್ಪಡಿಸಿ. ಕೆಲವಕ್ಕೆ ತಾರೀಖನ್ನು ಹೊರಗಿನವರು ಗೊತ್ತು ಮಾಡಿರುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸರ್ವರ್‌ಗಳಲ್ಲಿ ಬಳಸುವ ಕಾರ್ಯಾಚರಣಾ ವ್ಯವಸ್ಥೆ ಸೆಂಟ್‌ಓಎಸ್ 7ರದ್ದು 2024ರ ಜೂನ್ 30ಕ್ಕೇ ಮುಗಿದಿತ್ತು. ಜಾಲತಾಣಗಳ ಟಿಎಲ್‌ಎಸ್ ಪ್ರಮಾಣಪತ್ರವನ್ನೇ ನೋಡಿ, ಅಂದರೆ ತಾಣ ಅಸಲಿ, ಸಂಪರ್ಕ ಸುರಕ್ಷಿತ ಎಂದು ಬ್ರೌಸರ್‌ಗೆ ತೋರಿಸುವ ಪತ್ರ. ಅದರ ಗರಿಷ್ಠ ಆಯುಷ್ಯ 398 ದಿನ ಇತ್ತು, ವರ್ಷಕ್ಕೊಮ್ಮೆ ಒಬ್ಬರು ನೆನಪಿಟ್ಟುಕೊಂಡು ಬದಲಿಸಿದರೆ ಸಾಕಿತ್ತು. ಈ ಪತ್ರ ಕೊಡುವ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಸೇರಿರುವ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಮಾಡಿದ ತೀರ್ಮಾನದಂತೆ 2026ರ ಮಾರ್ಚ್ 15ರಿಂದ ಅದು 200 ದಿನ, ಮರುವರ್ಷ 100, 2029ರ ಮಾರ್ಚ್‌ನಿಂದ 47 ದಿನ. ಪ್ರವೇಶಾತಿ, ಶುಲ್ಕ, ಫಲಿತಾಂಶ ಹೀಗೆ ಹತ್ತಾರು ತಾಣ ಇಟ್ಟುಕೊಂಡವರು ಇದನ್ನು ಕೈಯಿಂದ ಮಾಡುತ್ತಾ ಕುಳಿತರೆ ಒಂದಲ್ಲ ಒಂದು ದಿನ ಅರ್ಜಿ ಹಾಕುವ ಕಡೆಯ ದಿನವೇ ತಾಣದ ಮೇಲೆ ಎಚ್ಚರಿಕೆಯ ಪರದೆ ಬರುತ್ತದೆ. ಇಂಥ ಕೆಲಸವನ್ನು ಯಾವ ಕಚೇರಿಯೂ ಕೇಳುವುದಿಲ್ಲ. ನೀವೇ ಪಟ್ಟಿಗೆ ಹಾಕಬೇಕು, ಅಂಕ ಕೊಡುವ ಗೋಜಿಗೆ ಹೋಗಬಾರದು.

ಕಚೇರಿಯವರು ತಾವೇ ಹಾಕಿದ ತಾರೀಖಿಗೆ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಅಂದು ಆಗದಿದ್ದರೆ ಮರುದಿನ ಬೆಳಿಗ್ಗೆ ಯಾರು ಯಾವ ಕೆಲಸ ಮಾಡಲಾಗದೆ ನಿಲ್ಲುತ್ತಾರೆ? ಪರೀಕ್ಷಾ ವಿಭಾಗದವರು ತಡವರಿಸದೆ ಹೇಳಿದರು: ‘ಪ್ರವೇಶಪತ್ರ ಮುದ್ರಣ ಆಗುವುದಿಲ್ಲ, ವಿದ್ಯಾರ್ಥಿ ಕೊಠಡಿಯೊಳಗೆ ಹೋಗಲಾಗುವುದಿಲ್ಲ.’ ಇನ್ನೊಂದು ಕಚೇರಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಗ ಮಾಡುತ್ತಿರುವ ಹಾಗೆಯೇ ಮಾಡುತ್ತೇವೆ’ ಎಂದರು. 71ಕ್ಕೂ 69ಕ್ಕೂ ಇರುವ ಅಂತರಕ್ಕಿಂತ ಈ ಎರಡು ಉತ್ತರಗಳ ನಡುವಿನ ಅಂತರ ದೊಡ್ಡದು, ಮತ್ತು ಅದನ್ನು ಅವರ ಬಾಯಿಂದಲೇ ಎಲ್ಲರೂ ಕೇಳಿದರು.

ಕಡೆಯದಾಗಿ ನನ್ನ ಅತಿ ಬಿಗಿಯಾದ ಜರಡಿ. ಕೇಳಿದ ಕಚೇರಿಯು ತನ್ನ ಕೆಲಸ ಬಲ್ಲ ಒಬ್ಬರನ್ನು ವಾರಕ್ಕೆ ಎರಡು ದಿನ ನಮ್ಮ ಜೊತೆ ಕೂರಿಸುವುದಾಗಿ ಬರೆದುಕೊಡದೆ ನಾನು ಯಾವ ಯೋಜನೆಯನ್ನೂ ಆರಂಭಿಸುತ್ತಿರಲಿಲ್ಲ. ಈ ನಿಯಮ ಪೆಟ್ಟು ತಿಂದು ಕಲಿತದ್ದು. ಒಮ್ಮೆ ವಿದ್ಯಾರ್ಥಿವೇತನದ ತಂತ್ರಾಂಶ ಮಾಡಿದೆವು. ವಿಭಾಗದ ಮುಖ್ಯಸ್ಥರು ಸಹಿ ಹಾಕಿದರು, ಆದರೆ ಕೂತು ಹೇಳಲು ಯಾರೂ ಬರಲಿಲ್ಲ. ನಿಯಮಾವಳಿಯ ಪುಸ್ತಕ ನೋಡಿ ನಾವೇ ಬರೆದೆವು. ಚಾಲನೆಯಾದ ಎರಡನೆಯ ದಿನ ಆ ವಿಭಾಗದ ಹಿರಿಯ ಗುಮಾಸ್ತೆ ತಮ್ಮ ಡ್ರಾಯರ್‌ನಿಂದ ಗೆರೆ ಹಾಕಿದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನಡುವರ್ಷದಲ್ಲಿ ವಿಷಯ ಬದಲಿಸಿದವರು, ಒಂದು ಸೆಮಿಸ್ಟರ್ ಬಿಟ್ಟು ಮರಳಿದವರು, ಬ್ಯಾಂಕ್ ಖಾತೆ ತಾಯಿಯ ಹೆಸರಿನಲ್ಲಿರುವವರು, ಹೀಗೆ ನಲವತ್ತಕ್ಕೂ ಹೆಚ್ಚು ಅಪವಾದಗಳು ಕೆಂಪು, ನೀಲಿ ಶಾಯಿಯಲ್ಲಿ. ಒಂದೂ ನಮ್ಮ ತಂತ್ರಾಂಶದಲ್ಲಿರಲಿಲ್ಲ. ‘ನನ್ನನ್ನು ಯಾರೂ ಕೇಳಲಿಲ್ಲ ಸರ್’ ಎಂದರು ಅವರು. ಏಳು ತಿಂಗಳ ಕೆಲಸ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಉತ್ತರ: ಪರೀಕ್ಷಾ ವಿಭಾಗದ ಅಧೀಕ್ಷಕಿ

ನಾನು ತಂತ್ರಜ್ಞಾನದವಳಲ್ಲ. ನಿಮಗೆ ಆ ನಮೂನೆ ತುಂಬಿ ಕಳುಹಿಸುವವರ ಕಡೆಯವಳು. ನಾವು ಎಲ್ಲದಕ್ಕೂ ‘ಅತಿ ತುರ್ತು’ ಎಂದು ಬರೆಯುವುದು ಏಕೆಂದು ಹೇಳುತ್ತೇನೆ. ‘ಸಾಮಾನ್ಯ’ ಎಂದು ಬರೆದ ಬೇಡಿಕೆಗೆ ಉತ್ತರ ಬಂದದ್ದನ್ನು ನಾವು ನೋಡಿಯೇ ಇಲ್ಲ. ‘ಆಗುತ್ತಿದೆ’ ಎನ್ನುವ ಉತ್ತರ ಅದಕ್ಕಿಂತ ಕಷ್ಟ ಕೊಡುತ್ತದೆ. ಮರುಮೌಲ್ಯಮಾಪನದ ತಂತ್ರಾಂಶಕ್ಕೆ ನಾವು ಎರಡು ವರ್ಷ ಕಾದೆವು. ಇನ್ನೇನು ಬಂತು ಎಂದುಕೊಂಡು ಆ ಎರಡು ವರ್ಷವೂ ಎಕ್ಸೆಲ್ ಹಾಳೆಯಲ್ಲಿ ರಾತ್ರಿಯವರೆಗೆ ಕುಳಿತು ಕೈಯಿಂದ ಹೊಂದಿಸಿದೆವು. ಈ ವರ್ಷ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಒಬ್ಬರನ್ನು ಹೆಚ್ಚುವರಿಯಾಗಿ ಕೇಳಿ ಪಡೆಯುತ್ತಿದ್ದೆವು. ‘ಇಲ್ಲ’ ಎನ್ನುವುದೂ ನಮಗೆ ಸಹಾಯವೇ, ದಯವಿಟ್ಟು ಅದನ್ನು ತಿಳಿಯಿರಿ.

ಇನ್ನೊಂದು ಮಾತು. ನಿಮ್ಮ 34ರಲ್ಲಿ ಕೆಲವು ಒಂದೇ ನೋವಿನ ಬೇರೆ ಬೇರೆ ಹೆಸರುಗಳಾಗಿರಬಹುದು. ನಮ್ಮಲ್ಲಿ ವಿದ್ಯಾರ್ಥಿಯ ಹೆಸರನ್ನು ಪ್ರವೇಶಾತಿಯಲ್ಲಿ ಒಮ್ಮೆ, ಪರೀಕ್ಷೆಗೆ ಒಮ್ಮೆ, ಗ್ರಂಥಾಲಯಕ್ಕೆ ಒಮ್ಮೆ ಟೈಪ್ ಮಾಡುತ್ತಾರೆ. ಒಬ್ಬ ಹುಡುಗಿಯ ಹೆಸರಿನಲ್ಲಿ ಒಂದು ಕಡೆ ಒತ್ತಕ್ಷರ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಅಂಕಪಟ್ಟಿ ಹಿಡಿದು ಆಕೆ ಮೂರು ಕೌಂಟರ್ ಅಲೆದಳು. ಮೂವರೂ ತಮ್ಮ ದಾಖಲೆಯೇ ಸರಿ ಎಂದರು, ತಮ್ಮ ಪರದೆಯಲ್ಲಿ ಕಂಡದ್ದನ್ನೇ ಅವರೂ ಹೇಳುತ್ತಿದ್ದರು. ಆಮೇಲೆ ನಾವು ಹೆಸರು ತಿದ್ದುಪಡಿಗೆ ಒಂದು ತಂತ್ರಾಂಶ ಬೇಕೆಂದು ಅರ್ಜಿ ಹಾಕಿದೆವು. ಗ್ರಂಥಾಲಯದವರು ಬಾಕಿ ಇಲ್ಲದ ಪತ್ರಕ್ಕೆ, ಹಾಸ್ಟೆಲ್‌ನವರು ವಿದ್ಯಾರ್ಥಿ ಪಟ್ಟಿಗೆ ಬೇರೆಬೇರೆಯಾಗಿ ಅರ್ಜಿ ಹಾಕಿದ್ದರು. ಎಲ್ಲರಿಗೂ ಬೇಕಾಗಿದ್ದದ್ದು ಒಂದೇ ಕಡೆ ಇರುವ, ಒಮ್ಮೆ ತಿದ್ದಿದರೆ ಎಲ್ಲ ಕಡೆ ಸರಿಯಾಗುವ ವಿದ್ಯಾರ್ಥಿ ದಾಖಲೆ. ನಾವು ಕೇಳುವುದು ನಮ್ಮ ಕೌಂಟರ್‌ನಿಂದ ಕಾಣುವಷ್ಟನ್ನು ಮಾತ್ರ. ಮೂರೂ ಕೌಂಟರ್‌ಗಳನ್ನು ಒಟ್ಟಿಗೆ ನೋಡಬಲ್ಲವರು ನೀವು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ಧನ್ಯವಾದ. ಅಧೀಕ್ಷಕರು ಬರೆದದ್ದನ್ನು ಓದಿ ಪಟ್ಟಿಯನ್ನು ಮತ್ತೆ ತೆರೆದೆ. ಏಳು ಬೇಡಿಕೆಗಳ ಬೇರು ಅದೇ ವಿದ್ಯಾರ್ಥಿ ದಾಖಲೆಯಲ್ಲಿದೆ!

ಆದರೆ ನನ್ನ ನಿಜವಾದ ಭಯ ಬೇರೆ. ನಾಲ್ಕೇ ಕೆಲಸ ಎಂದು ಗೆರೆ ಎಳೆದ ಮರುವಾರ ಕುಲಪತಿಗಳ ಕಚೇರಿಯಿಂದ ದೂರವಾಣಿ ಬರುತ್ತದೆ: ತಿಂಗಳೊಳಗೆ ಎಲ್ಲ ಅಂಕಿಅಂಶ ಒಂದೇ ಪರದೆಯಲ್ಲಿ ಕಾಣಬೇಕು. ಆಗ ನಾನು ಏನು ಹೇಳಲಿ?

ಉತ್ತರ: ನಿವೃತ್ತ ಗಣಕ ವಿಭಾಗದ ಮುಖ್ಯಸ್ಥ

ಆಗುವುದಿಲ್ಲ ಎನ್ನಬೇಡಿ, ಆಗಲಿ ಎಂದೂ ಅನ್ನಬೇಡಿ. ನಡೆಯುತ್ತಿರುವ ನಾಲ್ಕು ಕೆಲಸಗಳನ್ನು ಒಂದೇ ಪುಟದಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದು ನಿಂತರೆ ಯಾರಿಗೆ ತೊಂದರೆ ಎಂದು ನಮೂದಿಸಿ, ಖುದ್ದಾಗಿ ತೆಗೆದುಕೊಂಡು ಹೋಗಿ. ‘ಇದನ್ನು ಒಳಗೆ ತರೋಣ ಸರ್, ಇವುಗಳಲ್ಲಿ ಯಾವುದನ್ನು ಹೊರಗಿಡೋಣ?’ ಎಂದು ಕೇಳಿ. ಮೊದಲ ಸಲ ಕೇಳುವಾಗ ನನ್ನ ಕೈ ನಡುಗಿತ್ತು. ಅವರು ಪುಟವನ್ನು ಎರಡು ಸಲ ಓದಿ, ‘ಪ್ರವೇಶಾತಿ ಮುಗಿಯಲಿ, ಆಮೇಲೆ ನೋಡೋಣ’ ಎಂದರು. ಪುಟ ಇಲ್ಲದೆ ಬರಿಗೈಯಲ್ಲಿ ಹೋಗಿದ್ದರೆ ಅದೇ ಮಾತು ನೆಪದಂತೆ ಕೇಳಿಸುತ್ತಿತ್ತು.

ಇದು ನಿಮ್ಮೊಬ್ಬರ ಹೆಗಲ ಮೇಲೆ ಇರಲೂ ಬಾರದು. ಕುಲಸಚಿವರು, ಹಣಕಾಸು, ಪರೀಕ್ಷೆ, ಪ್ರವೇಶಾತಿ, ಜೊತೆಗೆ ಇಬ್ಬರು ಅಧ್ಯಾಪಕರು ಇರುವ ಒಂದು ಸಣ್ಣ ಸಮಿತಿ ಆರು ವಾರಕ್ಕೊಮ್ಮೆ ಸೇರಲಿ. ಆಯ್ಕೆ ಅವರದು. ಎಷ್ಟು ಜನ ಇದ್ದಾರೆ, ಎಷ್ಟು ದಿನ ಬೇಕು ಎನ್ನುವುದು ನಿಮ್ಮ ಮಾತು, ಅದನ್ನು ಅವರು ಚೌಕಾಸಿ ಮಾಡುವಂತಿಲ್ಲ. ನಡಾವಳಿಯಲ್ಲಿ ಆಯ್ಕೆಯಾದದ್ದರ ಕೆಳಗೇ ಮುಂದೂಡಿದ್ದನ್ನೂ ಕೈಬಿಟ್ಟದ್ದನ್ನೂ ಕಾರಣ ಸಹಿತ ಬರೆದು ಎಲ್ಲ ಕಚೇರಿಗಳಿಗೂ ಕಳುಹಿಸಿ.

ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳೂ ಇಲ್ಲಿ ಎಡವಿವೆ. ಕೇಂಬ್ರಿಜ್ ವಿಶ್ವವಿದ್ಯಾಲಯ 2000ನೇ ಇಸವಿಯ ಆಗಸ್ಟ್‌ನಲ್ಲಿ ಕ್ಯಾಪ್ಸಾ ಎಂಬ ಹೊಸ ಲೆಕ್ಕಪತ್ರ ವ್ಯವಸ್ಥೆಯನ್ನು ಒರಾಕಲ್ ತಂತ್ರಾಂಶದ ಮೇಲೆ ಚಾಲೂ ಮಾಡಿತು. ಅದು ಎಷ್ಟು ತೊಂದರೆ ಕೊಟ್ಟಿತೆಂದರೆ ವಿಶ್ವವಿದ್ಯಾಲಯವೇ ವಿಚಾರಣೆ ಮಾಡಿಸಬೇಕಾಯಿತು. 2001ರ ನವೆಂಬರ್‌ನಲ್ಲಿ ಪ್ರಕಟವಾದ ವರದಿಯಲ್ಲಿ ಆಂಥನಿ ಫಿಂಕಲ್‌ಸ್ಟೀನ್ ಯೋಜನೆಯ ತಾಂತ್ರಿಕ ನಿರ್ವಹಣೆಯನ್ನೂ ಮೈಕೇಲ್ ಶಾಟಕ್ ವಿಶ್ವವಿದ್ಯಾಲಯದ ಆಡಳಿತ ರಚನೆಯನ್ನೂ ಪರಿಶೀಲಿಸಿದರು. ತಂತ್ರಾಂಶದ ತಪ್ಪು ಹುಡುಕಲು ಹೊರಟವರು ತೀರ್ಮಾನಗಳನ್ನು ಯಾರು, ಹೇಗೆ ತೆಗೆದುಕೊಳ್ಳುತ್ತಾರೆ ಎನ್ನುವಲ್ಲಿಗೆ ಬಂದು ಮುಟ್ಟಿದರು. ಸಮಿತಿ ಎಂದರೆ ಕಾಲಹರಣ ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತಿದ್ದೆ.

ಚಾಲನೆಯ ದಿನದ ಬಗ್ಗೆಯೂ ಒಂದು ಮಾತು. ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರವೇಶಾತಿ, ಪರೀಕ್ಷೆ, ಫಲಿತಾಂಶ, ಘಟಿಕೋತ್ಸವ, ಆರ್ಥಿಕ ವರ್ಷದ ಕೊನೆ ಇವನ್ನೆಲ್ಲ ಬಣ್ಣ ಹಚ್ಚಿ ನೋಡಿ. ಹೊಸದನ್ನು ಚಾಲೂ ಮಾಡಲು ಬಿಳಿಯಾಗಿ ಉಳಿಯುವುದು ವರ್ಷದಲ್ಲಿ ಎರಡು ಸಣ್ಣ ಕಿಟಕಿ ಮಾತ್ರ. ಆ ಕಿಟಕಿ ತಪ್ಪಿದ ಕೆಲಸಕ್ಕೆ ಆರು ತಿಂಗಳು ತಡವಾಯಿತು ಎಂದೇ ಲೆಕ್ಕ.

ಉತ್ತರ: ಒಬ್ಬ ಪ್ರೋಗ್ರಾಮರ್

ಹಿರಿಯರ ಮಾತು ಒಪ್ಪುತ್ತೇನೆ, ಒಂದು ಕಡೆ ಮಾತ್ರ ತಡೆಯಬೇಕೆನಿಸುತ್ತದೆ. ಎಲ್ಲವೂ ಸಮಿತಿಯ ಮುಂದೆ ಹೋದರೆ ಸಣ್ಣ ಕೆಲಸಗಳು ಸಾಯುತ್ತವೆ. ರಸೀದಿಯಲ್ಲಿ ದಿನಾಂಕದ ಕಾಲಂ ಇಲ್ಲ, ಎರಡು ಗಂಟೆಯ ಕೆಲಸ. ಅದಕ್ಕೆ ಆರು ವಾರ ಕಾಯಿಸುವುದು ನ್ಯಾಯವಲ್ಲ. ನಮ್ಮಲ್ಲಿ ಮೂರು ದಿನಕ್ಕಿಂತ ಕಡಿಮೆ ಹಿಡಿಯುವ ಕೆಲಸಕ್ಕೆ ಬೇರೆ ಸಾಲು ಇದೆ. ವಾರಕ್ಕೊಬ್ಬರಂತೆ ಸರದಿಯ ಮೇಲೆ ಆ ಸಾಲನ್ನು ನೋಡಿಕೊಳ್ಳುತ್ತೇವೆ. ಆ ವಾರ ದೂರವಾಣಿ ಎತ್ತುವುದೂ ಅವರೇ, ಉಳಿದ ನಾಲ್ವರನ್ನು ಯಾರೂ ಎಬ್ಬಿಸುವಂತಿಲ್ಲ. ಬೆಳಗಿನ ಮೂರು ಗಂಟೆ ಅಡ್ಡಿಯಿಲ್ಲದೆ ಸಿಕ್ಕರೆ ನಮ್ಮಂಥವರ ಕೈಯಲ್ಲಿ ಎಷ್ಟು ಕೆಲಸವಾಗುತ್ತದೆ ಎಂದು ನಮಗೂ ಆಗಲೇ ಗೊತ್ತಾದದ್ದು.

ಒಳಗೆ ತೆಗೆದುಕೊಂಡ ಯೋಜನೆಯನ್ನೂ ಇಡಿಯಾಗಿ ಒಪ್ಪಬೇಡಿ. ಡೈ ಕ್ಲೆಗ್ 1994ರಲ್ಲಿ ರೂಪಿಸಿದ ಮಾಸ್ಕೋ (MoSCoW, ಊರಿನ ಹೆಸರಲ್ಲ, ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಬಂದದ್ದು) ಪದ್ಧತಿಯಲ್ಲಿ ಬೇಡಿಕೆಗಳನ್ನು ಬೇಕೇ ಬೇಕು, ಇರಬೇಕು, ಇದ್ದರೆ ಒಳ್ಳೆಯದು, ಈ ಸಲ ಬೇಡ ಎಂದು ನಾಲ್ಕು ಪಾಲು ಮಾಡುತ್ತಾರೆ. ಅದನ್ನು ಬಳಸುವ, ತಂತ್ರಾಂಶ ಯೋಜನೆಗಳನ್ನು ನಡೆಸುವ ಡಿಎಸ್‌ಡಿಎಂ ವಿಧಾನದಲ್ಲಿ ‘ಬೇಕೇ ಬೇಕು’ ಒಟ್ಟು ಶ್ರಮದ ಶೇ 60 ದಾಟಬಾರದು ಎಂಬ ಸಲಹೆ ಇದೆ. ಆ ಮಿತಿ ಇಲ್ಲದಿದ್ದರೆ ನಿಮ್ಮ 29 ‘ಅತಿ ತುರ್ತು’ಗಳ ಕಥೆಯೇ ಒಂದೊಂದು ಯೋಜನೆಯ ಒಳಗೂ ಮರುಕಳಿಸುತ್ತದೆ.

ಉತ್ತರ: ನಿವೃತ್ತ ಗಣಕ ವಿಭಾಗದ ಮುಖ್ಯಸ್ಥ

ಸಣ್ಣ ಕೆಲಸದ ಸಾಲಿನ ಮಾತು ಸರಿ. ನನ್ನ ಕಾಲದಲ್ಲಿ ನಾನದನ್ನು ಮಾಡಲಿಲ್ಲ, ಮಾಡಬೇಕಿತ್ತು. ಒಂದು ಎಚ್ಚರಿಕೆ: ದೊಡ್ಡ ಕೆಲಸವನ್ನು ಎರಡೆರಡು ದಿನದ ತುಂಡು ಮಾಡಿ ಈ ಸಾಲಿನಲ್ಲಿ ತೂರಿಸುವವರು ಬರುತ್ತಾರೆ. ಒಂದೇ ಕಚೇರಿಯಿಂದ ಒಂದೇ ವಿಷಯಕ್ಕೆ ಮೂರನೆಯ ಚೀಟಿ ಬಂದರೆ ಅದು ಸಮಿತಿಗೆ ಹೋಗಲಿ.

ಪ್ರಶ್ನೆ ಕೇಳಿದವರು, ಎರಡು ತಿಂಗಳ ನಂತರ

ಆದದ್ದನ್ನು ತಿಳಿಸಬೇಕು ಎನಿಸಿತು. ನೋಟ್‌ಬುಕ್ ಲೆಕ್ಕ ಮಾಡಿಸಿದೆ. ನಮ್ಮಲ್ಲಿ ನಿರ್ವಹಣೆಗೆ ಮೂವರ ಪೂರ್ತಿ ಸಮಯ ಹೋಗುತ್ತಿದೆ. ಆ ಪುಟಗಳನ್ನೇ ಕುಲಸಚಿವರ ಮೇಜಿನ ಮೇಲಿಟ್ಟೆ. ಸಮಿತಿ ಮಾಡಲು ಒಪ್ಪಿದರು.

34ರಲ್ಲಿ ಏಳು ಸೇರಿ ಒಂದೇ ವಿದ್ಯಾರ್ಥಿ ದಾಖಲೆಯ ಯೋಜನೆಯಾಯಿತು. ಆರನ್ನು ಕೇಳಿದವರೇ ಈಗ ಇಲ್ಲ, ವರ್ಗವಾಗಿದ್ದಾರೆ ಅಥವಾ ನಿವೃತ್ತರಾಗಿದ್ದಾರೆ. ಅವರ ಕುರ್ಚಿಯಲ್ಲಿರುವವರಿಗೆ ಅದು ಬೇಡ. ಅವನ್ನು ಮುಚ್ಚಿದೆವು. ಹೊರಗಿನ ತಾರೀಖಿಗೆ ಕಟ್ಟುಬಿದ್ದ ಎರಡು, ಸಂಶೋಧನಾ ಅನುದಾನದ ಒಂದು, ವಿದ್ಯಾರ್ಥಿ ದಾಖಲೆ, ಈ ನಾಲ್ಕು ಈಗ ಕೈಯಲ್ಲಿವೆ. ಏಳು ಸರದಿಯಲ್ಲಿವೆ. ಉಳಿದ ಹನ್ನೊಂದರ ಕಚೇರಿಗಳಿಗೆ ಈ ಶೈಕ್ಷಣಿಕ ವರ್ಷ ಆಗುವುದಿಲ್ಲ ಎಂದು ನಾನೇ ಹೋಗಿ ಹೇಳಿ, ಆಮೇಲೆ ಪತ್ರ ಕೊಟ್ಟೆ. ಇಬ್ಬರು ಸಿಟ್ಟಾದರು. ಹಾಸ್ಟೆಲ್ ಮೇಲ್ವಿಚಾರಕರು ಪತ್ರ ಓದಿ, ಹಾಗಾದರೆ ಈ ವರ್ಷದ ಕೊಠಡಿ ಹಂಚಿಕೆಗೆ ಹಳೆಯ ನೋಂದಣಿ ಪುಸ್ತಕವನ್ನೇ ಸರಿಮಾಡಿಕೊಳ್ಳುತ್ತೇನೆ ಎಂದು ಹೇಳಿ ಕಪಾಟಿನ ಬೀಗ ತೆಗೆಯಲು ಎದ್ದರು.

ವಿದ್ಯಾರ್ಥಿ ದಾಖಲೆಗೆ ಪರೀಕ್ಷಾ ವಿಭಾಗದಿಂದ ಒಬ್ಬರು ವಾರಕ್ಕೆ ಎರಡು ದಿನ ಬರುತ್ತಿದ್ದಾರೆ. ಮೊದಲ ದಿನ ನಾನು ಕೇಳಿದ್ದು ಅವರ ಡ್ರಾಯರ್‌ನಲ್ಲಿ ಇಂಥ ಪುಸ್ತಕವೇನಾದರೂ ಇದೆಯೇ ಎಂದು. ಒಂದಲ್ಲ, ಎರಡು ಇದ್ದವು. ಸದ್ಯ ಅವುಗಳ ಮೂವತ್ತೊಂದನೆಯ ಪುಟದಲ್ಲಿದ್ದೇವೆ.